ಪಂಚಿಂಗ್ ಟೈಮಿಗೂ ಬೈಕ್ ಸ್ಪೀಡಿಗೂ ಇರೋ ನಂಟು

(ಜನವರಿಯ ರಸ್ತೆ ಸುರಕ್ಷತಾ ಮಾಸದಲ್ಲಿ ಬಿಡದಿ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನ್ ಹಾಲಲ್ಲಿ ಆಡಿದ ಮಾತು. ಮಾತಾಡಿದ ಹಾಗೇ ಬಿಟ್ಟಿದ್ದೀನಿ, ಹೇಳಿದ್ದನ್ನೇ ಹೇಳಿದ ಕಡೆ ಮಾತ್ರ ಕತ್ತರಿ ಹಾಕಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಫಸ್ಟ್ ಶಿಫ್ಟ್ ಮುಗಿಸಿ ಕೂತಿರೋರು ಸುಸ್ತಾಗಿರ್ತೀರಿ, ಸೆಕೆಂಡ್ ಶಿಫ್ಟಿನವ್ರು ಲೈನಿಗೆ ಹೋಗೋ ಗಡಿಬಿಡೀಲಿ ಇರ್ತೀರಿ, ಅದಕ್ಕೇ ಪೀಠಿಕೆ ಬೇಡ. ಬೆಳಿಗ್ಗೆ ಪ್ರತಿಜ್ಞೆ ಮಾಡಿಸಿದ್ರಂತೆ, ಎಲ್ಲರಿಗೂ ಕೀ ಚೈನ್ ಕೊಟ್ರಂತೆ, ಗೇಟ್ ಹತ್ರ ದೊಡ್ಡ ಬ್ಯಾನರ್ ಕೂಡ ನೋಡ್ದೆ. ಬೇಡ ಅನ್ನಲ್ಲ. ಆದ್ರೆ ಇವತ್ತಿನ ಮಾತು ಅರ್ಧ ನಿಮಗೆ, ಇನ್ನರ್ಧ ಇಲ್ಲಿ ಮುಂದಿನ ಸಾಲಲ್ಲಿ ಕೂತಿರೋ ಎಚ್‌ಆರ್ ಸಾಹೇಬ್ರಿಗೆ, ಪ್ರೊಡಕ್ಷನ್ ಮ್ಯಾನೇಜರ್‌ಗೆ, ಟ್ರಾನ್ಸ್‌ಪೋರ್ಟ್ ನೋಡ್ಕೊಳ್ಳೋ ಮೇಡಂಗೆ. ಯಾಕಂದ್ರೆ ನನ್ನ ಅಭಿಪ್ರಾಯದಲ್ಲಿ ನೌಕರ ರಸ್ತೇಲಿ ಹೆಂಗೆ ಗಾಡಿ ಓಡಿಸ್ತಾನೆ ಅನ್ನೋದನ್ನ ಅವನ ಬುದ್ಧಿಗಿಂತ ಹೆಚ್ಚಾಗಿ ಕಂಪನಿಯ ರೂಲ್ಸು ನಿರ್ಧಾರ ಮಾಡುತ್ತೆ, ಅದೂ ರಸ್ತೆಗೆ ಸಂಬಂಧನೇ ಇಲ್ಲದ ರೂಲ್ಸು.

ಮೊದ್ಲು ಒಂದೆರಡು ಲೆಕ್ಕ ಹೇಳಿ ಮುಗಿಸ್ಬಿಡ್ತೀನಿ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಗಂಟೆಗೆ 19 ಜನ ಅಂತ ಬೀಳುತ್ತೆ. ಅದ್ರಲ್ಲಿ ಟೂ ವೀಲರ್ ಮೇಲಿದ್ದೋರೇ 74,897. ಇನ್ನೊಂದು ಅಂಕಿ ಇದೆ, ಅದನ್ನ ಯಾರೂ ಬ್ಯಾನರ್ ಮೇಲೆ ಹಾಕಲ್ಲ: ಸತ್ತವರಲ್ಲಿ ನೂರಕ್ಕೆ 83 ಜನ 18ರಿಂದ 60 ವರ್ಷದೊಳಗಿನವ್ರು. ಅಂದ್ರೆ ದುಡಿಯೋ ಜನ, ಈ ಹಾಲಲ್ಲಿ ಕೂತಿರೋ ವಯಸ್ಸಿನವ್ರು. ಅತಿ ಹೆಚ್ಚು ಅಪಘಾತ ಆಗೋ ಹೊತ್ತು ಯಾವ್ದು ಗೊತ್ತಾ, ಸಂಜೆ 6ರಿಂದ 9. ಕೆಲಸ ಬಿಟ್ಟು ಮನೆಗೆ ಹೋಗೋ ಹೊತ್ತು. ಲೆಕ್ಕ ಇಷ್ಟು ಸಾಕು.

ಈಗ ನಿಮ್ಮ ಕಾರ್ಖಾನೆ ಒಳಗಡೆ ಬರೋಣ. ನಾನು ಬರುವಾಗ ಸೆಕ್ಯೂರಿಟಿಯವ್ರು ಕಾರ್ ನಿಲ್ಲಿಸಿ "ಸಾರ್, ಒಳಗೆ 10 ಕಿಲೋಮೀಟರ್ ಸ್ಪೀಡ್, ಹಳದಿ ಗೆರೆ ಒಳಗೇ ನಡೀಬೇಕು" ಅಂದ್ರು. ಶಾಪ್ ಫ್ಲೋರಲ್ಲಿ ಸೇಫ್ಟಿ ಶೂ ಇಲ್ದೆ ಹೆಜ್ಜೆ ಇಟ್ರೆ ಮೆಮೊ. ಫೋರ್ಕ್‌ಲಿಫ್ಟ್ ಓಡಿಸೋನಿಗೆ ಬೇರೆ ಲೈಸೆನ್ಸು, ಬೇರೆ ಟ್ರೈನಿಂಗು, ವರ್ಷಕ್ಕೊಂದ್ಸಲ ಕಣ್ಣು ಪರೀಕ್ಷೆ. ಬಹಳ ಸಂತೋಷ. ಅದೇ ಫೋರ್ಕ್‌ಲಿಫ್ಟ್ ಅಣ್ಣ ಡ್ಯೂಟಿ ಮುಗಿಸಿ ಗೇಟ್ ದಾಟಿದ ಮೇಲೆ ಹೆಲ್ಮೆಟ್‌ನ ಮಿರರಿಗೆ ನೇತಾಕಿ, ಬಿಡದಿ ಸರ್ಕಲ್ ಹತ್ರ ಪೊಲೀಸ್ ಕಂಡಾಗ ಒಂದೇ ಕೈಲಿ ತಲೆ ಮೇಲೆ ಇಟ್ಕೊಂಡು, ಸ್ಟ್ರಾಪ್ ಹಾಕ್ದೇನೇ ಹೋಗ್ತಾರೆ. ನಗ್ತಿದ್ದೀರಿ, ಯಾರು ಅಂತ ನಿಮಗೇ ಗೊತ್ತು! ಒಳಗಡೆ ಇಷ್ಟು ಶಿಸ್ತಿರೋ ಮನುಷ್ಯ ಹೊರಗಡೆ ಯಾಕೆ ಹಿಂಗೆ? ಒಳಗಡೆ ಶಿಸ್ತಿಗೆ ತಕ್ಕ ಹಾಗೆ ಜಾಗ, ಟೈಮು, ಸಾಮಾನು ಎಲ್ಲಾ ಕಂಪನಿ ಮಾಡ್ಕೊಟ್ಟಿದೆ, ಹೊರಗಡೆಗೆ ಬರೀ ಬುದ್ಧಿಮಾತು ಕೊಟ್ಟಿದೆ, ಅದಕ್ಕೆ.

ಪಂಚಿಂಗ್, ಅಂದ್ರೆ ಗೇಟಲ್ಲಿ ಹಾಜರಿ ಹಾಕೋ ವಿಷ್ಯ ತಗೊಳ್ಳಿ. ಬಹಳಷ್ಟು ಕಾರ್ಖಾನೇಲಿ ಇರೋ ರೂಲ್ ಏನು, ತಿಂಗಳಲ್ಲಿ ಮೂರು ಸಲ ಲೇಟಾದ್ರೆ ಅರ್ಧ ದಿನದ ಸಂಬಳ ಕಟ್, ಜೊತೆಗೆ ಅಟೆಂಡೆನ್ಸ್ ಬೋನಸ್ಸೂ ಹೋಯ್ತು. 6 ಗಂಟೆ ಶಿಫ್ಟಿಗೆ 6:01 ಆದ್ರೂ ಲೇಟೇ. ಈಗ ರಾಮನಗರದಿಂದ ಬರೋ ಹುಡುಗ ಒಬ್ಬ, ಹೆಚ್ಚುಕಮ್ಮಿ 15 ಕಿಲೋಮೀಟರ್, ಮನೇಲಿ ನೀರು ಬಂದಿಲ್ಲ ಅಂತಾನೋ ಮಗೂಗೆ ಜ್ವರ ಅಂತಾನೋ ಐದು ನಿಮಿಷ ತಡವಾಗಿ ಹೊರಟ ಅಂತಿಟ್ಕೊಳ್ಳಿ, ಅವನ ತಲೇಲಿ ಆವಾಗ ಬ್ಯಾನರ್ ಇರಲ್ಲ, ಬೋನಸ್ ಇರುತ್ತೆ. ದಿನಾ 50ರಲ್ಲಿ ಬರೋನು ಅವತ್ತು 70ರಲ್ಲಿ ಬರ್ತಾನೆ. ಕಾಗದದ ಮೇಲೆ ಐದು ನಿಮಿಷ ಉಳೀತು. ನಿಜವಾಗ್ಲೂ ಅಷ್ಟು ಉಳಿಯಲ್ಲ, ಅಂಡರ್‌ಪಾಸು, ಹಂಪು, ಹಾಲಿನ ಗಾಡಿ, ದನ ಎಲ್ಲಾ ಕಳೆದು ಎರಡೋ ಮೂರೋ ನಿಮಿಷ.

ಆ ಎರಡು ಮೂರು ನಿಮಿಷಕ್ಕೆ ಕೊಡೋ ಬೆಲೆ ಏನು ನೋಡಿ. ಎದುರಿಗೆ ಏನೋ ಅಡ್ಡ ಬಂತು ಅಂತ ಕಣ್ಣಿಗೆ ಬಿದ್ದು, ಮೆದುಳಿಗೆ ಹೊಳೆದು, ಕೈ ಬ್ರೇಕ್ ಹಿಡಿಯೋಕೆ ಸುಮಾರು ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳೋಣ. 50ರಲ್ಲಿ ಬರೋನು ಆ ಒಂದೂವರೆ ಸೆಕೆಂಡಲ್ಲಿ 21 ಮೀಟರ್ ಮುಂದೆ ಹೋಗಿರ್ತಾನೆ, ಆಮೇಲೆ ಒಣ ರಸ್ತೇಲಿ ಗಟ್ಟಿಯಾಗಿ ಬ್ರೇಕ್ ಹಿಡಿದ್ರೆ ಇನ್ನೊಂದು 16 ಮೀಟರ್, ಒಟ್ಟು 37 ಮೀಟರಿಗೆ ನಿಲ್ತಾನೆ. 70ರಲ್ಲಿ ಬರೋನು ಬರೀ ಯೋಚನೇಲೇ 29 ಮೀಟರ್ ಕಳ್ಕೊಂಡಿರ್ತಾನೆ, ನಿಲ್ಲೋಕೆ ಒಟ್ಟು 60 ಮೀಟರ್ ಬೇಕು. ಇಷ್ಟು ಎಲ್ಲಾ ಕಡೆ ಹೇಳ್ತಾರೆ. ಯಾರೂ ಹೇಳದೇ ಇರೋದು ಮುಂದಿನದು: 50ರವನು ಪೂರ್ತಿ ನಿಂತೋದ ಆ 37ನೇ ಮೀಟರಲ್ಲಿ, ಅದೇ ಬೈಕು, ಅದೇ ಬ್ರೇಕು, 70ರವನ ಸ್ಪೀಡ್ ಇನ್ನೂ ಎಷ್ಟಿರುತ್ತೆ? ಯಾರಾದ್ರೂ ಹೇಳ್ತೀರಾ? (ಹಿಂದಿಂದ ಒಬ್ರು 20 ಅಂದ್ರು, ಒಬ್ರು 30 ಅಂದ್ರು.) 60! ಅವನು ಬ್ರೇಕ್ ಹಿಡಿಯೋಕೆ ಶುರು ಮಾಡಿ ಎಂಟು ಮೀಟರ್ ಕೂಡ ಆಗಿರಲ್ಲ. ಒಬ್ಬ "ಥೂ, ಸ್ವಲ್ಪದ್ರಲ್ಲಿ ತಪ್ತು" ಅಂತ ಬೈಕೊಂಡು ಹೋಗ್ತಾನೆ, ಇನ್ನೊಬ್ಬ 60ರ ಸ್ಪೀಡಲ್ಲಿ ಟ್ರ್ಯಾಕ್ಟರ್ ಟ್ರೇಲರಿಗೆ ಹೊಡೀತಾನೆ. ಮಳೆ ಬಿದ್ದಿದ್ರೆ ಈ ಲೆಕ್ಕನೂ ಇಲ್ಲ.

ಅದಕ್ಕೇ ಎಚ್‌ಆರ್ ಸಾರ್, ನನ್ನ ಮೊದಲನೇ ಬೇಡಿಕೆ ನಿಮ್ಮ ಹತ್ರ. ಹದಿನೈದು ನಿಮಿಷ ಗ್ರೇಸ್ ಕೊಡಿ. ಬಿಟ್ಟಿ ಬೇಡ, ಎಷ್ಟು ನಿಮಿಷ ಲೇಟೋ ಅಷ್ಟು ನಿಮಿಷ ಕೊನೇಲಿ ಕೆಲಸ ಮಾಡಿ ತೀರಿಸ್ಲಿ. ಅಸೆಂಬ್ಲಿ ಲೈನ್ ನಿಲ್ಲುತ್ತೆ ಅಂತೀರಾ, ಹಳೇ ಶಿಫ್ಟಿನವ್ರನ್ನ ಹತ್ತು ನಿಮಿಷ ಓವರ್‌ಲ್ಯಾಪ್ ಇಟ್ಕೊಳ್ಳಿ. ಖರ್ಚಾಗುತ್ತೆ, ಗೊತ್ತು. ಒಬ್ಬ ನುರಿತ ಆಪರೇಟರ್ ಮೂರು ತಿಂಗಳು ಕಾಲಿಗೆ ರಾಡ್ ಹಾಕಿಸ್ಕೊಂಡು ಮಲಗಿದ್ರೆ ಆಗೋ ಖರ್ಚನ್ನ ಪಕ್ಕದಲ್ಲಿ ಇಟ್ಟು ನೋಡಿ.

ಎರಡನೇದು ರಾಂಗ್ ಸೈಡ್. ಇದು ನಮ್ಮ ಈ ರಸ್ತೆಯ ಖಾಸಾ ಕಾಯಿಲೆ. ಬೆಂಗಳೂರು-ಮೈಸೂರು ಹೈವೇಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲಾ ಮೇನ್ ರೋಡಿಂದ ಹೊರಗೆ, ಸರ್ವಿಸ್ ರೋಡಿಗೇ ಹೋಗ್ಬೇಕು. ಸರಿಯಾದ ತೀರ್ಮಾನನೇ ಅದು, 100ರಲ್ಲಿ ಹೋಗೋ ಕಾರುಗಳ ಮಧ್ಯೆ ಬೈಕಿಗೆ ಜಾಗ ಇಲ್ಲ. ಆದ್ರೆ ಸರ್ವಿಸ್ ರೋಡಲ್ಲಿ ಆಚೆ ಬದಿಗೆ ಹೋಗ್ಬೇಕಂದ್ರೆ ಅಂಡರ್‌ಪಾಸ್ ತನಕ ಹೋಗಿ ಸುತ್ಕೊಂಡು ಬರ್ಬೇಕು. ಬೆಳಿಗ್ಗೆ ಐದೂವರೆ, ಕತ್ತಲು, ಶಿಫ್ಟಿಗೆ ಟೈಮಾಯ್ತು, "ಅಯ್ಯೋ ಇಲ್ಲೇ ಅಂಚಲ್ಲಿ ಹೋಗ್ಬಿಡ್ತೀನಿ" ಅಂತ ಎದುರು ದಿಕ್ಕಲ್ಲಿ ನುಗ್ಗೋದು. ಎದುರಿಂದ ಬರೋನೂ ಶಿಫ್ಟಿಗೆ ಲೇಟಾದವನೇ. ಇಬ್ರೂ ನಲವತ್ತರಲ್ಲಿ ಇದ್ರೂ ಒಬ್ಬರ ಕಡೆ ಒಬ್ಬರು ಎಂಬತ್ತರಲ್ಲಿ ಬರ್ತಿದ್ದೀರಿ ಅಂತ ಲೆಕ್ಕ, ತಪ್ಪಿಸ್ಕೊಳ್ಳೋಕೆ ಸಿಗೋ ಟೈಮು ಅರ್ಧ. ದೇಶದ ಲೆಕ್ಕದಲ್ಲೂ ಅತಿವೇಗದ ನಂತ್ರದ ಸ್ಥಾನ ಇದಕ್ಕೇ, 2022ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ರಾಂಗ್ ಸೈಡಿಂದ ಸತ್ತಿದ್ದಾರೆ.

ಇದಕ್ಕೆ ನೌಕರನಿಗೆ ಬೈದ್ರೆ ಏನೂ ಆಗಲ್ಲ. ಒಂದು ಕಾರ್ಖಾನೇಲಿ ನಾವು ಏನ್ ಮಾಡಿದ್ವಿ ಅಂದ್ರೆ, ಯಾರು ಯಾವ ಊರಿಂದ, ಯಾವ ದಾರೀಲಿ ಬರ್ತಾರೆ ಅಂತ ಒಂದು ದೊಡ್ಡ ನಕ್ಷೆ ಮೇಲೆ ಗುಂಡುಸೂಜಿ ಚುಚ್ಚಿಸಿದ್ವಿ. ಅವರವರೇ ಬಂದು ಚುಚ್ಚಿದ್ರು. ಅರ್ಧ ಗಂಟೇಲಿ ಗೊತ್ತಾಗೋಯ್ತು, ಒಂದು ಕಡೆ ಹಳ್ಳಿಗಳಿಂದ ಬರೋ ಪ್ರತಿಯೊಬ್ಬನೂ ಕೊನೇ ಸ್ವಲ್ಪ ದೂರ ರಾಂಗ್ ಸೈಡಲ್ಲೇ ಬರ್ತಿದ್ದ, ಯಾಕಂದ್ರೆ ಮೇನ್ ಗೇಟ್ ಆಚೆ ಮುಖಕ್ಕಿತ್ತು. ಹಿಂದೆ ಒಂದು ಮೆಟೀರಿಯಲ್ ಗೇಟ್ ಇತ್ತು, ಹಳ್ಳಿ ರಸ್ತೆಗೆ ತೆರ್ಕೊಳ್ಳೋದು, ಲಾರಿ ಬಂದಾಗ ಬಿಟ್ರೆ ಬೀಗ. ಶಿಫ್ಟ್ ಬದಲಾಗೋ ಹೊತ್ತಲ್ಲಿ ಅದನ್ನ ತೆಗೀರಿ ಅಂದ್ವಿ. ಸೆಕ್ಯೂರಿಟಿಯವ್ರು ಒಪ್ಲೇ ಇಲ್ಲ, ಒಂದೇ ಗೇಟ್ ಅನ್ನೋದು ಪಾಲಿಸಿ, ಸಾಮಾನು ಹೊರಗೆ ಹೋಗುತ್ತೆ ಅಂತ. ಕೊನೆಗೆ ಇನ್ನೊಂದು ಪಂಚಿಂಗ್ ಮಷಿನ್ನು, ಒಬ್ಬ ಗಾರ್ಡು ಹಾಕಿ ತೆಗೆಸಿದ್ರು. ಅಲ್ಲಿಗೆ ಆ ಹಳ್ಳಿಗಳವ್ರ ರಾಂಗ್ ಸೈಡ್ ಓಡಾಟ ನಿಂತೋಯ್ತು. ಭಾಷಣ ಇಲ್ಲ, ದಂಡ ಇಲ್ಲ.

ರೂಲು ಬದಲಾದ್ರೆ ಅಭ್ಯಾಸ ಬದಲಾಗುತ್ತೆ ಅನ್ನೋದಕ್ಕೆ ಇದೇ ಹೈವೇ ಸಾಕ್ಷಿ. 2023ರಲ್ಲಿ ಇದರ ಮೇಲೆ 188 ಜನ ಸತ್ತಿದ್ರು. ಬೈಕ್ ಹೊರಗೆ ಹಾಕಿದ್ರು, ಕ್ಯಾಮೆರಾ ಕೂರಿಸಿದ್ರು, ಸ್ಪೀಡಿಗೆ ಕೇಸ್ ಹಾಕೋಕೆ ಶುರು ಮಾಡಿದ್ರು, 2024ರಲ್ಲಿ ಆ ಸಂಖ್ಯೆ 50ಕ್ಕೆ ಬಂತು. ಓಡಿಸೋ ಜನ ಅವ್ರೇ.

ಮೊಬೈಲ್ ಬಗ್ಗೆ ಬೈಸ್ಕೊಳ್ಳೋಕೆ ರೆಡಿಯಾಗಿದ್ದೀರಿ ಅಂತ ಕಾಣುತ್ತೆ, ಆದ್ರೆ ಇವತ್ತು ಬೈಯೋದು ಸೂಪರ್‌ವೈಸರ್‌ಗಳಿಗೆ. 5:50ಕ್ಕೆ ಫೋನ್ ಮಾಡಿ "ಎಲ್ಲಿದ್ದೀಯಾ?" ಅಂತ ಕೇಳ್ತೀರಲ್ಲಾ, ಅವನು ಎಲ್ಲಿರ್ತಾನೆ? ರೋಡಲ್ಲಿರ್ತಾನೆ! ಬೇರೆಲ್ಲಿರೋಕೆ ಸಾಧ್ಯ? ನಿಮ್ಮ ಫೋನ್ ತೆಗೀಲಿಲ್ಲ ಅಂದ್ರೆ ಒಳಗೆ ಬಂದ ಮೇಲೆ ಮಂಗಳಾರತಿ, ಅದಕ್ಕೇ ಹೆಲ್ಮೆಟ್ ಸಂದೀಲಿ ಫೋನ್ ತುರುಕ್ಕೊಂಡು ಮಾತಾಡ್ಕೊಂಡೇ ಬರ್ತಾನೆ. 60ರಲ್ಲಿ ಹೋಗುವಾಗ ಎರಡು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 33 ಮೀಟರ್ ಕಣ್ಣು ಮುಚ್ಕೊಂಡು ಹೋದ ಹಾಗೆ. ಫೋನ್ ಬಳಸೋ ಚಾಲಕನಿಗೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಮತ್ತೆ ಬ್ಲೂಟೂತ್ ಹಾಕ್ಕೊಂಡ್ರೆ ಅಂಥಾ ದೊಡ್ಡ ವ್ಯತ್ಯಾಸ ಏನಿಲ್ಲ ಅಂತಾನೂ ಅವ್ರೇ ಹೇಳ್ತಾರೆ, ಕೈ ಖಾಲಿ ಇರುತ್ತೆ ಅಷ್ಟೇ, ತಲೆ ಖಾಲಿ ಇರಲ್ಲ. ಈ ವಿಷ್ಯದಲ್ಲಿ ಬೈಕಿನವರಿಗಿಂತ ಕೆಟ್ಟವ್ರು ಕಾರಲ್ಲಿ ಬರೋ ಮ್ಯಾನೇಜರ್‌ಗಳು, ಕ್ಷಮಿಸಿ, ಸ್ಟೀರಿಂಗ್ ಹಿಡ್ಕೊಂಡೇ ಕಾನ್ಫರೆನ್ಸ್ ಕಾಲ್ ಅಟೆಂಡ್ ಮಾಡ್ತಾರೆ, ಅದೇ ಒಂದು ಹೆಗ್ಗಳಿಕೆ.

ರೂಲ್ ಒಂದೇ ಸಾಲು. ಫೋನ್ ಮಾಡಿದವ್ರ ಮೊದಲನೇ ಮಾತು "ಗಾಡಿ ಮೇಲಿದ್ದೀಯಾ?" ಅಂತಾನೇ ಇರ್ಬೇಕು. ಹೌದು ಅಂದ್ರೆ "ನಿಲ್ಸಿ ಮಾಡು" ಅಂತ ಕಟ್ ಮಾಡ್ಬೇಕು. ಈ ಜವಾಬ್ದಾರಿ ಮಾಡಿದವನ ಮೇಲೆ, ತೆಗೆದವನ ಮೇಲಲ್ಲ. ಪ್ಲಾಂಟ್ ಹೆಡ್ ಒಬ್ರು ಒಂದು ತಿಂಗಳು ಇದನ್ನ ಪಾಲಿಸಿದ್ರೆ ಕೆಳಗಿನವ್ರೆಲ್ಲಾ ಕಲೀತಾರೆ, ಅವ್ರು ಪಾಲಿಸ್ದೇ ಸರ್ಕ್ಯುಲರ್ ಹೊರಡಿಸಿದ್ರೆ ನೋಟಿಸ್ ಬೋರ್ಡಿಗೆ ಒಂದು ಪಿನ್ ಖರ್ಚು.

ಹೆಲ್ಮೆಟ್ ಬಗ್ಗೆ ಕೇಳಿ ಕೇಳಿ ಕಿವಿ ತೂತಾಗಿರುತ್ತೆ, ಬೇಗ ಹೇಳ್ತೀನಿ. 2022ರಲ್ಲಿ ಹೆಲ್ಮೆಟ್ ಇಲ್ದೆ ಸತ್ತವರು 50,029, ಅದ್ರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತಿದ್ದೋರು. ಓಡಿಸೋನು ಹಾಕ್ಕೊಂಡು ಹಿಂದೆ ಹೆಂಡ್ತಿಗೋ ಅಮ್ಮಂಗೋ ಕೊಡಲ್ಲ. ಅರ್ಧ ಹೆಲ್ಮೆಟ್, ಕ್ರಿಕೆಟ್ ಟೋಪಿ ಥರದ್ದು, ಅದು ಪೊಲೀಸರಿಗೆ ತೋರ್ಸೋಕೆ. ಒಳಗಡೆ ಐಎಸ್‌ಐ ಗುರುತು, ಐಎಸ್ 4151 ಅನ್ನೋ ಸಂಖ್ಯೆ ಇದ್ಯಾ ನೋಡಿ, ರಸ್ತೆ ಬದಿ ಸ್ಟಿಕ್ಕರನ್ನ ನಂಬ್ಬೇಡಿ, ಒಂದು ಸಲ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಮೇಲ್ನೋಟಕ್ಕೆ ಚೆನ್ನಾಗಿದ್ರೂ ಬಿಸಾಕಿ, ಒಳಗಿನ ಥರ್ಮೋಕೋಲ್ ಒಂದೇ ಸಲಕ್ಕೆ ಅಂತ ಮಾಡಿರೋದು. ಸ್ಟ್ರಾಪ್ ಹಾಕ್ದೇ ಇದ್ರೆ ಬೀಳೋವಾಗ ನಿಮಗಿಂತ ಮೊದ್ಲು ಹೆಲ್ಮೆಟ್ ಹಾರೋಗುತ್ತೆ.

ಇಲ್ಲೂ ಕಂಪನಿಗೆ ಒಂದು ಮಾತು. "ನೋ ಹೆಲ್ಮೆಟ್ ನೋ ಎಂಟ್ರಿ" ಬೋರ್ಡ್ ಹಾಕಿದ್ದೀರಿ, ಸರಿ, ಜನ ಗೇಟಿಗೆ ನೂರು ಮೀಟರ್ ಮುಂಚೆ ಹಾಕ್ಕೊತಾರೆ. ಅವ್ರನ್ನ ಕೇಳಿದ್ರೆ ಹೇಳ್ತಾರೆ, ಒಳ್ಳೇ ಹೆಲ್ಮೆಟ್ ತಂದ್ರೆ ಇಡೋಕೆ ಜಾಗ ಇಲ್ಲ ಸಾರ್, ಪಾರ್ಕಿಂಗಲ್ಲಿ ಬೈಕ್ ಮೇಲೇ ಬಿಟ್ರೆ ಬಿಸಿಲು, ಮಳೆ, ಒಂದೊಂದ್ಸಲ ಕಳ್ಳತನ, ಅದಕ್ಕೇ ಇನ್ನೂರು ರೂಪಾಯಿದು ಸಾಕು ಅಂತ. ಪಾರ್ಕಿಂಗ್ ಶೆಡ್ಡಲ್ಲಿ ಒಂದು ಗೋಡೆ ಉದ್ದಕ್ಕೆ ನಂಬರ್ ಹಾಕಿದ ರ‍್ಯಾಕ್ ಮಾಡಿಸಿ. ಈ ಕೀ ಚೈನಿನ ದುಡ್ಡಲ್ಲೇ ಮುಗಿಯೋದು.

ಕ್ಯಾಬ್ ವಿಷ್ಯ. ಟ್ರಾನ್ಸ್‌ಪೋರ್ಟ್ ಮೇಡಂ, ಮಾತು ಮುಗಿದ ಮೇಲೆ ನಿಮ್ಮ ಯಾವುದಾದ್ರೂ ಒಂದು ಕ್ಯಾಬಿನ ಹಿಂದಿನ ಸೀಟಲ್ಲಿ ಕೂತು ಬೆಲ್ಟ್ ಹಾಕೋಕೆ ನೋಡಿ. ಬೆಲ್ಟ್ ಇರುತ್ತೆ, ಬಕಲ್ ಇರಲ್ಲ, ಅದು ಹೊಸ ಸೀಟ್ ಕವರಿನ ಕೆಳಗೆ ಹೂತೋಗಿರುತ್ತೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ರ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರ್ಕೊಂಡಿದ್ದು ನೆನಪಿದೆ ಅಲ್ವಾ, ದುಬಾರಿ ಕಾರು, ಹಿಂದಿನ ಸೀಟು, ಬೆಲ್ಟ್ ಹಾಕಿರ್ಲಿಲ್ಲ. ಅದೇ ವರ್ಷ ಸೀಟ್ ಬೆಲ್ಟ್ ಇಲ್ದೆ ಸತ್ತ 16,715 ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಪ್ರಯಾಣಿಕರೇ. ಕ್ಯಾಬ್ ಕಾಂಟ್ರಾಕ್ಟಲ್ಲಿ ಎಸಿ, ಜಿಪಿಎಸ್ ಅಂತೆಲ್ಲಾ ಬರೀತೀರಲ್ಲ, "ಹಿಂದಿನ ಸೀಟಿನ ಬಕಲ್ ಮೇಲಿರ್ಬೇಕು" ಅಂತಾನೂ ಒಂದು ಸಾಲು ಬರೀರಿ.

ಆ ಡ್ರೈವರ್ ಅಣ್ಣ ಎಷ್ಟೊತ್ತಿಗೆ ನಿದ್ದೆ ಮಾಡಿದ ಅಂತಾನೂ ಕೇಳಿ. ರಾತ್ರಿ ನಿಮ್ಮ ಟ್ರಿಪ್ಪು, ಹಗಲು ಏರ್‌ಪೋರ್ಟ್ ಟ್ರಿಪ್ಪು, ಲೋನ್ ಕಟ್ಬೇಕಲ್ಲ ಪಾಪ. 17 ಗಂಟೆ ಎದ್ದೇ ಇದ್ದವನ ಕೈಕಾಲು, ಗಮನ ಎಲ್ಲಾ ಸ್ವಲ್ಪ ಕುಡಿದವನ ಹಾಗೇ ಕೆಲಸ ಮಾಡುತ್ತೆ ಅಂತ ಸಂಶೋಧನೆಗಳಲ್ಲಿ ಗೊತ್ತಾಗಿದೆ, ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದ ಹಾಗೆ. ನಮ್ಮ ಕಾನೂನಲ್ಲಿ ಮಿತಿ 30. ಕುಡಿದವನನ್ನ ಗೇಟಲ್ಲೇ ಹಿಡೀತೀರಿ, ನಿದ್ದೆಗೆಟ್ಟವನ ಬಾಯಿ ವಾಸನೆ ಬರಲ್ಲ. ನೈಟ್ ಶಿಫ್ಟ್ ಮುಗಿಸಿ ಬೈಕಲ್ಲಿ ಹೋಗೋ ನಿಮಗೂ ಇದೇ ಮಾತು. ಕಣ್ಣು ಎಳೀತಿದ್ರೆ ರೆಸ್ಟ್ ರೂಮಲ್ಲಿ ಇಪ್ಪತ್ತು ನಿಮಿಷ ಮಲಗಿ ಹೋಗಿ, ಹಾಡು ಹಾಕ್ಕೊಂಡ್ರೆ, ಮುಖ ತೊಳ್ಕೊಂಡ್ರೆ ಅದು ಹೋಗಲ್ಲ. ಡ್ಯೂಟಿ ಮುಗಿದವ್ರು ಒಳಗೆ ಇರಬಾರ್ದು ಅಂತ ಹೊರಗೆ ಕಳ್ಸೋ ರೂಲ್ ಇದ್ರೆ ಅದನ್ನೂ ಸಡಿಲ ಮಾಡ್ಬೇಕು.

ಕೊನೇದು ಬಹುಮಾನದ ವಿಷ್ಯ. "ಈ ಡಿಪಾರ್ಟ್‌ಮೆಂಟಲ್ಲಿ ವರ್ಷ ಪೂರ್ತಿ ಅಪಘಾತ ಇಲ್ಲ" ಅಂತ ಶೀಲ್ಡ್ ಕೊಡೋ ಪದ್ಧತಿ ನನಗೆ ಇಷ್ಟ ಇಲ್ಲ. ಅಪಘಾತ ಕಮ್ಮಿಯಾಗಲ್ಲ, ಹೇಳೋದು ಕಮ್ಮಿಯಾಗುತ್ತೆ. ಬಿದ್ದು ಕೈ ಕೆತ್ತಿದವನು ಫುಲ್ ಶರ್ಟ್ ಹಾಕ್ಕೊಂಡು ಬರ್ತಾನೆ. ಶಾಪ್ ಫ್ಲೋರಲ್ಲಿ ಸ್ವಲ್ಪದ್ರಲ್ಲಿ ತಪ್ಪಿದ ಅಪಘಾತ ಬರೆಯೋಕೆ ನಿಯರ್ ಮಿಸ್ ಪುಸ್ತಕ ಇಟ್ಟಿದ್ದೀರಲ್ಲ, ಅದ್ರಲ್ಲೇ ರಸ್ತೆಗೂ ಒಂದು ಪುಟ ಬಿಡಿ. ಎಲ್ಲಿ, ಎಷ್ಟೊತ್ತಿಗೆ, ಏನು ಸ್ವಲ್ಪದ್ರಲ್ಲಿ ತಪ್ತು, ಹೆಸರು ಬೇಡ. ಒಂದೇ ಜಾಗದ ಬಗ್ಗೆ ನಾಲ್ಕೈದು ಜನ ಬರೆದ್ರೆ ಅಲ್ಲಿ ಗುಂಡಿ ಇದೆ ಅಥವಾ ಲೈಟ್ ಇಲ್ಲ ಅಥವಾ ಮರದ ಕೊಂಬೆ ಅಡ್ಡ ಇದೆ ಅಂತ ಅರ್ಥ, ಕಂಪನಿ ಲೆಟರ್‌ಹೆಡ್ಡಲ್ಲಿ ಹೆದ್ದಾರಿ ಪ್ರಾಧಿಕಾರಕ್ಕೋ ಪುರಸಭೆಗೋ ಬರೆದ್ರೆ ನಿಮ್ಮ ಒಂಟಿ ಅರ್ಜಿಗಿಂತ ಬೇಗ ಕೆಲಸ ಆಗುತ್ತೆ.

ಆಮೇಲೆ ಪ್ರಶ್ನೆಗಳು ಬಂದ್ವು, ಮುಖ್ಯವಾದ ಮೂರು ಬರೀತೀನಿ.

ಡ್ಯೂಟಿಗೆ ಬರೋವಾಗ ದಾರೀಲಿ ಬಿದ್ರೆ ಕಂಪನಿಗೆ ಸಂಬಂಧ ಇಲ್ಲ ಅಂತಾರಲ್ಲ ಸಾರ್, ನಿಜಾನಾ ಅಂತ ಒಬ್ರು. ನಿಜ ಅಲ್ಲ. ಇಎಸ್‌ಐ ಕಾಯ್ದೆಗೆ, ಅಂದ್ರೆ ನೌಕರರ ರಾಜ್ಯ ವಿಮಾ ಕಾಯ್ದೆಗೆ, 2010ರಲ್ಲೇ 51ಇ ಅಂತ ಒಂದು ಸೆಕ್ಷನ್ ಸೇರ್ಸಿದ್ರು, ಮನೆಗೂ ಕೆಲಸದ ಜಾಗಕ್ಕೂ ಮಧ್ಯೆ ಆದ ಅಪಘಾತನೂ, ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ತಾಳೆ ಆದ್ರೆ, ಕೆಲಸದಲ್ಲಿ ಆದ ಹಾಗೇ ಲೆಕ್ಕ ಅಂತ. 2025ರ ನವೆಂಬರಿಂದ ಆ ಕಾಯ್ದೆ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದ್ರಲ್ಲೂ ಇದೇ ರೂಲ್ ಇದೆ. ಅದಕ್ಕೂ ಮುಂಚೆ, 2025ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಹಳೇ ಕಾರ್ಮಿಕರ ಪರಿಹಾರ ಕಾಯ್ದೆಗೂ ಇದೇ ಅರ್ಥ ಹೇಳ್ತು. ಅದು ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ವಾಚ್‌ಮನ್ ಕೇಸು, ಬೆಳಗಿನ ಜಾವ 3 ಗಂಟೆ ಶಿಫ್ಟಿಗೆ ಬೈಕಲ್ಲಿ ಬರ್ತಾ ಕಾರ್ಖಾನೆ ಇನ್ನೇನು ಐದು ಕಿಲೋಮೀಟರ್ ಅನ್ನೋವಾಗ ಸತ್ತಿದ್ದ, 2003ರಲ್ಲಿ. ತೀರ್ಪು ಬರೋಕೆ 22 ವರ್ಷ ಹಿಡೀತು. ಅದಕ್ಕೇ ಅಪಘಾತ ಆದ ದಿನನೇ ಎಚ್‌ಆರ್‌ಗೆ ಬರವಣಿಗೇಲಿ ತಿಳ್ಸಿ, ಆಸ್ಪತ್ರೆ ಚೀಟಿ ಜೋಪಾನ ಮಾಡಿ.

ರಸ್ತೇಲಿ ಯಾರಾದ್ರೂ ಬಿದ್ದಿದ್ರೆ ಎತ್ತೋಕೆ ಹೋದ್ರೆ ಪೊಲೀಸ್ ಸ್ಟೇಷನ್ ಅಲೆದಾಟ ಅಂತ ಇನ್ನೊಬ್ರು. ಮೊದ್ಲು ಹಂಗಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡೀಲಿ 134ಎ ಸೆಕ್ಷನ್ ಬಂದ ಮೇಲೆ ಸಹಾಯ ಮಾಡಿದವ್ರ ಮೇಲೆ ಕೇಸ್ ಹಾಕೋ ಹಾಗಿಲ್ಲ, ಹೆಸರು ಹೇಳು ಅಂತ ಬಲವಂತನೂ ಮಾಡೋ ಹಾಗಿಲ್ಲ. 108ಕ್ಕೋ 112ಕ್ಕೋ ಫೋನ್ ಮಾಡಿ. ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಯೋಜನೆ 2025ರ ಮೇನಲ್ಲಿ ಜಾರಿಗೆ ಬಂದಿದೆ. ಆಸ್ಪತ್ರೆಯವ್ರು ಗೊತ್ತಿಲ್ಲ ಅಂದ್ರೆ ನೀವೇ ಹೇಳಿ.

ಅಸೆಂಬ್ಲಿಯ ಒಬ್ರು ಅಕ್ಕ ಕೇಳಿದ್ದು, ಮೂರು ವರ್ಷದ ಮಗಳನ್ನ ಸ್ಕೂಟರಲ್ಲಿ ಅಂಗನವಾಡಿಗೆ ಬಿಟ್ಟು ಬರ್ತೀನಿ, ಮುಂದೆ ನಿಲ್ಸ್ಕೋಬೇಕಾ ಹಿಂದೆ ಕೂರಿಸ್ಬೇಕಾ ಅಂತ. ಮುಂದೆ ಬೇಡ್ವೇ ಬೇಡ ಅಕ್ಕಾ, ಬ್ರೇಕ್ ಹಿಡಿದ್ರೆ ಹ್ಯಾಂಡಲ್ ನೇರ ಎದೆಗೆ, ಬಾಯಿಗೆ ಹೊಡೆಯುತ್ತೆ. ಹಿಂದೆ ಕೂರ್ಸಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಳತೆಗೆ ಸರಿಯಾದ ಹೆಲ್ಮೆಟ್ಟು, ಓಡಿಸೋರ ಮೈಗೆ ಸೇರ್ಸಿ ಕಟ್ಟೋ ಹಾರ್ನೆಸ್ಸು, ಸ್ಪೀಡ್ 40 ಮೀರಬಾರ್ದು ಅಂತ 2023ರ ಫೆಬ್ರವರಿಯಿಂದ ರೂಲೇ ಇದೆ. ಹಾರ್ನೆಸ್ ಅಂದ್ರೆ ಶಾಲೆ ಬ್ಯಾಗಿನ ಥರ ಎರಡು ಪಟ್ಟಿ ಇರೋ ಜಾಕೆಟ್ಟು, ಆನ್‌ಲೈನಲ್ಲಿ ಸಿಗುತ್ತೆ. ಪಟ್ಟಿ ಬಿಗಿ ಮಾಡೋವಾಗ ನಿಮ್ಮ ದುಪಟ್ಟಾನ ಒಳಗಡೆ ಸೇರ್ಸಿ ಕಟ್ಕೊಳ್ಳಿ, ಚಕ್ರದ ಕಡೆ ಇಳಿಬಿಡ್ಬೇಡಿ.